ದಡದಲ್ಲಿ ಬಟ್ಟೆ ಕಾಯುವವರು

ಕಳೆದ ವರ್ಷ ಗೌರಿಹಬ್ಬ ಮುಗಿದ ವಾರ, ನಂಜನಗೂಡಿನ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆಂದು ಬಂದಿದ್ದ ಏಳೆಂಟು ಜನ ಹೆಂಗಸರು ಒಂದು ಮೊಬೈಲನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರನ್ನು ನಗಿಸಿದ್ದು ಸಿನಿಮಾದ ಹಾಸ್ಯವಲ್ಲ, ನನ್ನ ಮಗಳು. ಮಗಳೂ ಅಳಿಯನೂ ಹತ್ತು ದಿನ ರಜ ಹಾಕಿ ಥಾಯ್ಲೆಂಡಿನ ಫುಕೆಟ್ ದ್ವೀಪಕ್ಕೆ ಹೋಗಿ ಬಂದಿದ್ದರು. ಬೆಳಿಗ್ಗೆ ಸಂಜೆ ಮುವಾಯ್ ಥಾಯ್ ಎಂಬ ಅಲ್ಲಿನ ಕಾಳಗದ ತರಬೇತಿ, ಮಧ್ಯೆ ಸಮುದ್ರ. ವಿಡಿಯೋದಲ್ಲಿ ಮಗಳು ತಲೆಗೂದಲನ್ನು ಎತ್ತಿ ಬಿಗಿದು, ಚಡ್ಡಿ ತೊಟ್ಟು, ಕೈಗೆ ದಪ್ಪ ಗ್ಲೌಸು ಹಾಕಿಕೊಂಡು ನಿಂತಿದ್ದಾಳೆ. ಎದುರಿಗೆ ಅಳಿಯ ಎರಡು ಮುಂಗೈಗೂ ದಿಂಬಿನಂಥದ್ದೇನನ್ನೋ ಕಟ್ಟಿಕೊಂಡು ನಿಂತಿದ್ದಾನೆ. ಇವಳು ಸೊಂಟ ತಿರುಗಿಸಿ ಕಣಕಾಲಿನಿಂದ ಬೀಸಿ ಒದೆಯುತ್ತಾಳೆ, ಧಡ್ ಎಂದು ಸದ್ದಾಗುತ್ತದೆ. ಅವನು ಒಂದು ಹೆಜ್ಜೆ ಹಿಂದೆ ಸರಿದು, ಪಕ್ಕದಲ್ಲಿದ್ದ ಥಾಯ್ ಗುರು ಹೇಳಿಕೊಟ್ಟಂತೆ ಮತ್ತೆ ದಿಂಬು ಎತ್ತುತ್ತಾನೆ. ಮತ್ತೆ ಧಡ್.

"ಏನ್ರೀ ಇದು, ಲಕ್ಷಗಟ್ಟಲೆ ಸುರಿದು ಗಂಡನ್ನ ಒದೆಯೋದು ಕಲ್ತು ಬಂದ್ಲಾ ನಿಮ್ಮ ಮಗಳು? ಇಲ್ಲೇ ಪುಕ್ಕಟೆ ಒದೀಬಹುದಿತ್ತಲ್ಲ!"

"ಅಳಿಯಂದಿರು ಪಾಪ, ಬಹಳ ಸಾಧು. ಬೇರೆಯವರಾಗಿದ್ರೆ ತಿರುಗಿಸಿ ಕೊಡ್ತಿದ್ರು."

ನಾನೂ ನಕ್ಕೆ. ಸುಳ್ಳು ಹೇಳಬಾರದು, ಬಂದವರಿಗೆ ನೋವಾಗದಿರಲಿ ಎಂದು ಅವರಿಗಿಂತ ಒಂದು ಪಟ್ಟು ಹೆಚ್ಚಾಗಿಯೇ ನಕ್ಕೆ. ನಗದೆ ಉಳಿದದ್ದು ಒಬ್ಬಾಕೆ ಮಾತ್ರ. ಆಕೆ ಮೊಬೈಲು ತನ್ನ ಕೈಗೆ ಬಂದಾಗ ಸೆರಗಿನಿಂದ ಗಾಜು ಒರೆಸಿ, "ಇನ್ನೊಂದ್ಸಲ ಹಾಕಿ ಕೊಡ್ತೀರಾ?" ಎಂದರು. ನೋಡಿ ಮುಗಿಸಿ ಮತ್ತೊಂದು ಸಲ ಎಂದರು. ಮೂರನೆಯ ಸಲಕ್ಕೆ ಉಳಿದವರು ಬಾಗಿನದ ಮಾತಿಗೆ, ಸೀರೆಯ ಮಾತಿಗೆ ಹೊರಳಿದ್ದರು. ರಾತ್ರಿ ಪಾತ್ರೆ ತೊಳೆಯುವಾಗ ನನಗೆ ನನ್ನ ನಗುವಿನ ಮೇಲೇ ಸಿಟ್ಟು ಬಂತು. ಈ ಬರಹ ಆ ಸಿಟ್ಟಿನದು.

ಥಾಯ್ಲೆಂಡ್ ನಮ್ಮ ಊರಿಗೆ ಹೊಸ ಹೆಸರೇನಲ್ಲ. ನಮ್ಮ ಕಡೆಯ ಗಂಡಸರು ವರ್ಷಗಳಿಂದ ಅಲ್ಲಿಗೆ ಹೋಗಿ ಬರುತ್ತಿದ್ದಾರೆ. ಸಿಮೆಂಟಿನ ಏಜೆನ್ಸಿಯವರು, ಗೊಬ್ಬರದ ಅಂಗಡಿಯವರು, ಬಣ್ಣದ ಡೀಲರುಗಳು ಇಷ್ಟು ಮಾಲು ಎತ್ತಿದರೆ ಕಂಪನಿಯೇ ಬ್ಯಾಂಕಾಕ್, ಪಟ್ಟಾಯ ತೋರಿಸಿಕೊಂಡು ಬರುತ್ತದೆ. ಗುಂಪು ಕಟ್ಟಿಕೊಂಡು ಹೋಗುತ್ತಾರೆ, ಹೆಂಡಿರನ್ನು ಕರೆದೊಯ್ಯುವ ಮಾತೇ ಇಲ್ಲ. ಬಂದ ಮೇಲೆ ಮನೆಗೆ ಒಂದು ಚಾಕೊಲೇಟಿನ ಡಬ್ಬ, ಅತ್ತಿಗೆಗೊಂದು ನೋವಿನ ಮುಲಾಮು. ಅಲ್ಲಿ ಏನು ಮಾಡಿದಿರಿ ಎಂದು ಯಾವ ಅರಿಶಿನ ಕುಂಕುಮದಲ್ಲೂ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ವಿಡಿಯೋ ತೋರಿಸಿ ಎಂದವರೂ ಇಲ್ಲ. 2023ರ ನವೆಂಬರಿನಲ್ಲಿ ಆ ದೇಶ ಭಾರತೀಯರಿಗೆ ವೀಸಾ ಬೇಡ ಎಂದ ಮೇಲಂತೂ ಹೋಗುವವರು ಇನ್ನೂ ಹೆಚ್ಚಾದರು. ಗಂಡಸೊಬ್ಬ ಪಟ್ಟಾಯಕ್ಕೆ ಹೋದರೆ ವ್ಯಾಪಾರ, ಗಂಡ ಹೆಂಡಿರು ಕೂಡಿ ಫುಕೆಟ್ಟಿಗೆ ಹೋಗಿ ಮೈ ಬಗ್ಗಿಸಿ ಬೆವರು ಸುರಿಸಿದರೆ ತಮಾಷೆ. ಈ ಲೆಕ್ಕ ಬರೆದವರು ಯಾರು?

ಗಂಡಸರನ್ನು ಬೈದು ಮುಗಿಸಿದರೆ ಸುಲಭ. ಆದರೆ ಅವತ್ತು ನಕ್ಕವರು ನಾವು, ಹೆಂಗಸರು. ನಮ್ಮ ನಗುವಿನ ಬೇರು ಎಲ್ಲಿದೆ ಎಂದು ಕೆದಕಿದರೆ ನನಗೆ ಸಿಕ್ಕುವುದು ನನ್ನ ತವರಿನ ಹೊಳೆ.

ನನ್ನ ತವರು ತಿರುಮಕೂಡಲು ನರಸೀಪುರ. ಕಪಿಲೆ ಬಂದು ಕಾವೇರಿಗೆ ಸೇರುವ ಜಾಗ, ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ತ್ರಿವೇಣಿ ಎನ್ನುತ್ತಾರೆ. ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ನಮ್ಮ ಊರಿನ ಹೆಮ್ಮೆ, ಗುಂಜಾ ನರಸಿಂಹಸ್ವಾಮಿಯ ಹೆಸರೇ ಅದಕ್ಕೆ ಸಾಕ್ಷಿ. ಆಚೆ ದಡದಲ್ಲಿ ಅಗಸ್ತ್ಯೇಶ್ವರ, ನೀರಿನ ನಡುವೆ ನಡುಹೊಳೆ ಬಸಪ್ಪ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಮರಳು ಅಗಲವಾಗಿ ಹರಡಿಕೊಳ್ಳುತ್ತಿತ್ತು. ಸಮುದ್ರ ಕಾಣದ ನಮಗೆ ಅದೇ ಸಮುದ್ರ ತೀರ.

ಭಾನುವಾರ ಬೆಳಿಗ್ಗೆ ಅಪ್ಪ ನನ್ನನ್ನೂ ಅಣ್ಣನನ್ನೂ ಹೊಳೆಗೆ ಕರೆದುಕೊಂಡು ಹೋಗುತ್ತಿದ್ದರು. ಅಣ್ಣನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ತಳ್ಳುವರು. ಅವನು ನೀರು ಕುಡಿದು, ಕೆಮ್ಮಿ, ಅತ್ತು, ಕೈಕಾಲು ಬಡಿದು ಒಂದು ಬೇಸಿಗೆಯಲ್ಲಿ ಈಜು ಕಲಿತ. ಎರಡನೆಯ ಬೇಸಿಗೆಗೆ ಬುರುಡೆ ಬಿಚ್ಚಿದರು. ಮೂರನೆಯದಕ್ಕೆ ಅವನು ನಡುಹೊಳೆ ಬಸಪ್ಪನವರೆಗೆ ಹೋಗಿ ಕೈ ಬೀಸಿದ. ಆ ಮೂರು ಬೇಸಿಗೆಯೂ ನಾನು ಮೆಟ್ಟಿಲ ಮೇಲೆ ಕೂತು ಅವರಿಬ್ಬರ ಬಟ್ಟೆ ಕಾಯುತ್ತಿದ್ದೆ. ಅಪ್ಪನ ಪಂಚೆ, ಶರ್ಟು, ಜೇಬಿನ ಚಿಲ್ಲರೆ, ಅಣ್ಣನ ಚಡ್ಡಿ. ನಾಯಿ ಎಳೆಯದಂತೆ, ಗಾಳಿಗೆ ಹಾರದಂತೆ, ಕಳ್ಳರು ಒಯ್ಯದಂತೆ. ನನ್ನ ಕೆಲಸವನ್ನು ನಾನು ಶ್ರದ್ಧೆಯಿಂದ ಮಾಡಿದೆ ಎಂಬುದರಲ್ಲಿ ಅನುಮಾನವಿಲ್ಲ, ಒಂದು ಕರವಸ್ತ್ರವೂ ಕಳೆದುಹೋಗಲಿಲ್ಲ. ನನಗೂ ಬುರುಡೆ ಕಟ್ಟಿ ಎಂದು ಒಂದು ಸಲ ಕೇಳಿದೆ. ಅಪ್ಪ ಕೆಟ್ಟವರಲ್ಲ, ಗದರಲೂ ಇಲ್ಲ. "ನೀನು ಕಲಿತು ಏನು ಮಾಡ್ತೀಯಮ್ಮ? ನಾವಿಲ್ವಾ?" ಎಂದರು.

ನಾವಿಲ್ವಾ. ಈ ಮೂರಕ್ಷರದಷ್ಟು ಚಿಕ್ಕ ಮಾತಿನೊಳಗೆ ಹೆಣ್ಣುಮಕ್ಕಳ ಇಡೀ ಬದುಕನ್ನು ಗಂಟು ಕಟ್ಟಿ ಇಟ್ಟಿದ್ದಾರೆ. ನನ್ನ ಜೊತೆ ಮಿಡ್ಲ್ ಸ್ಕೂಲಿನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಮದುವೆಯಾಗಿ ಹೊಳೆಯಾಚೆಯ ಹಳ್ಳಿಗೆ ಹೋದಳು. ಒಂದು ಮಧ್ಯಾಹ್ನ ಬಟ್ಟೆ ಒಗೆಯಲು ಹೋದವಳು ಕಾಲು ಜಾರಿದಳು. ಪಕ್ಕದಲ್ಲಿ ನಾಲ್ವರು ಹೆಂಗಸರಿದ್ದರು. ನಾಲ್ವರೂ ಕೂಗಿದರು. ಕೂಗುವುದೊಂದನ್ನು ಬಿಟ್ಟು ಅವರಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ಗದ್ದೆಯಿಂದ ಗಂಡಸರು ಓಡಿ ಬರುವ ಹೊತ್ತಿಗೆ ನೆನೆದ ಸೀರೆ ಅವಳನ್ನು ಕೆಳಕ್ಕೆ ಎಳೆದುಕೊಂಡಾಗಿತ್ತು. ಆಮೇಲೆ ಊರಿನವರು ಹೊಳೆಗೆ ಬಲಿ ಬೇಕಿತ್ತು ಎಂದರು. ಹೊಳೆಗೆ ಯಾಕೆ ಬೇಕಾಗುತ್ತದೆ? ದಿನಾ ಹೊಳೆಗೆ ಇಳಿಯುವವರು ಹೆಂಗಸರು, ಬಟ್ಟೆ ಒಗೆಯುವವರು, ಪಾತ್ರೆ ತೊಳೆಯುವವರು, ನೀರು ಹೊರುವವರು ಹೆಂಗಸರು, ಈಜು ಬರುವವರು ಮಾತ್ರ ಗಂಡಸರು. ಇದಕ್ಕಿಂತ ದೊಡ್ಡ ದಡ್ಡತನವನ್ನು ಯಾವ ಸಮಾಜ ಮಾಡೀತು?

1989ರಿಂದ ನಮ್ಮ ತಿರುಮಕೂಡಲಿನಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ಎಂದು ಮಾಡುತ್ತಾರೆ. 2025ರ ಫೆಬ್ರುವರಿಯಲ್ಲಿ ನಡೆದದ್ದಕ್ಕೆ ನಾನೂ ಹೋಗಿದ್ದೆ. ಹೆಂಗಸರ ಸಾಲೇ ಸಾಲು. ಮೂಗು ಹಿಡಿದು, ಮತ್ತೊಂದು ಕೈಯಲ್ಲಿ ಗಂಡನ ತೋಳನ್ನೋ ಕಬ್ಬಿಣದ ಸರಳನ್ನೋ ಹಿಡಿದು, ಮೂರು ಮುಳುಗು ಹಾಕಿ ನಡುಗುತ್ತಾ ಮೇಲೆ ಬರುತ್ತಾರೆ. ಪುಣ್ಯಕ್ಕೆ ನೀರು ಬೇಕು. ಅದೇ ನೀರಿನಲ್ಲಿ ನಾಲ್ಕು ಮಾರು ಈಜಿದರೆ ಮಾತ್ರ ಬಜಾರಿ.

ಹೊಳೆಯ ಮಾತು ಇಷ್ಟಾಯಿತು. ಗರಡಿಯದು ಇನ್ನೊಂದು. ನಮ್ಮ ಹಿಂದಿನ ಬೀದಿಯಲ್ಲಿ ಒಂದು ಗರಡಿಮನೆ ಇತ್ತು. ತಗ್ಗಾದ ಬಾಗಿಲು, ಒಳಗೆ ಕತ್ತಲು, ಎಣ್ಣೆ ಅರಿಶಿನ ಹಾಕಿ ಹದ ಮಾಡಿದ ಕೆಮ್ಮಣ್ಣಿನ ವಾಸನೆ, ಗೋಡೆಯ ಗೂಡಿನಲ್ಲಿ ಆಂಜನೇಯ, ಮೂಲೆಯಲ್ಲಿ ಗದೆಗಳು. ಅಣ್ಣ ಎರಡು ವರ್ಷ ಸಾಮು ಮಾಡಲು ಹೋದ. ದಂಡ, ಬಸ್ಕಿ ಹೊಡೆದು ಬಂದವನಿಗೆ ಅಮ್ಮ ನೆನೆಸಿದ ಬಾದಾಮಿ ಅರೆದು ಹಾಲಿಗೆ ಹಾಕಿ ಕೊಡುತ್ತಿದ್ದಳು. ಕೆಲವು ದಿನ ಆ ಹಾಲನ್ನು ಗರಡಿಯ ಬಾಗಿಲವರೆಗೆ ಒಯ್ಯುವುದು ನನ್ನ ಪಾಲಿಗೆ ಬರುತ್ತಿತ್ತು. ಹೊಸ್ತಿಲ ಈಚೆ ನಿಂತು ಕೂಗಬೇಕು. ಒಮ್ಮೆ ಯಾರೂ ಕಾಣಲಿಲ್ಲವೆಂದು ಎರಡು ಹೆಜ್ಜೆ ಒಳಗಿಟ್ಟೆ. ಕಾಲಿಗೆ ಮಣ್ಣು ತಾಕಿತು, ತಣ್ಣಗೆ, ಮೆತ್ತಗೆ. ಉಸ್ತಾದರು ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ಅವತ್ತು ಆ ಮಣ್ಣಿಗೆ ಮತ್ತೆ ಪೂಜೆಯಾಯಿತಂತೆ, ನಿಂಬೆಹಣ್ಣು ಕೊಯ್ದರಂತೆ. ಹನ್ನೊಂದು ವರ್ಷದ ಹುಡುಗಿಯ ಎರಡು ಹೆಜ್ಜೆಗೆ ಮೈಲಿಗೆಯಾಗುವ ಮಣ್ಣು, ಎಂಥ ಪೈಲ್ವಾನರನ್ನು ಹೊತ್ತೀತು?

ಇದರಲ್ಲಿ ನನಗೆ ಅರ್ಥವಾಗದ ಸಂಗತಿ ಒಂದಿದೆ. ಮೈಸೂರಿನ ಜಟ್ಟಿಗಳ ಕುಲದೇವತೆ ನಿಂಬಜಾದೇವಿ, ಹೆಣ್ಣು. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೀವು ಚಿತ್ರದಲ್ಲಾದರೂ ನೋಡಿರಬಹುದು. ತಲೆ ಬೋಳಿಸಿಕೊಂಡು, ಕೈಬೆರಳಿಗೆ ಮೊನೆಯುಳ್ಳ ಆಯುಧ ತೊಟ್ಟು, ಎದುರಾಳಿಯ ತಲೆಯಿಂದ ಒಂದು ಹನಿ ನೆತ್ತರು ಬಂದ ಕೂಡಲೇ ನಿಲ್ಲಿಸುವ ಕಾಳಗ ಅದು. ಅದು ಮುಗಿದ ಮೇಲೆ ಜಂಬೂಸವಾರಿ, ಅಂಬಾರಿಯಲ್ಲಿ ಚಾಮುಂಡಿ. ಅವಳು ಯಾರು? ಎಮ್ಮೆಯ ತಲೆಯ ರಾಕ್ಷಸನನ್ನು ತಾನೇ ಎದುರಿಸಿ ಕೊಂದವಳು. ಗಂಡನನ್ನು ಕರೆಯಲಿಲ್ಲ, ಅಣ್ಣನನ್ನು ಕರೆಯಲಿಲ್ಲ, ನಾವಿಲ್ವಾ ಎಂದವರೆಲ್ಲ ಸೋತ ಮೇಲೆ ಅವಳನ್ನೇ ಕರೆದದ್ದು. ಸತ್ತ ಆ ಮಹಿಷನ ಹೆಸರನ್ನು ಊರಿಗೆ ಇಟ್ಟುಕೊಂಡಿದ್ದೇವೆ, ಕೊಂದವಳನ್ನು ಬೆಟ್ಟದ ಮೇಲೆ ಕೂರಿಸಿದ್ದೇವೆ. ಅವಳಿಗೆ ಎಂಟು ಕೈ, ಕೈಗೊಂದು ಆಯುಧ. ನಮ್ಮ ಹೆಣ್ಣುಮಕ್ಕಳಿಗೆ ಇರುವುದು ಎರಡು ಕೈ, ಒಂದರಲ್ಲಿ ಹಾಲಿನ ಲೋಟ, ಇನ್ನೊಂದರಲ್ಲಿ ಅಣ್ಣನ ಟವೆಲು.

ಓಬವ್ವನ ಕತೆ ಬೇರೆ ಹೇಳಬೇಕಿಲ್ಲ. ಚಿತ್ರದುರ್ಗದ ಕೋಟೆಯ ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ನೀರು ತರಲು ಹೋದ ಹೆಂಡತಿ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಒಬ್ಬೊಬ್ಬರನ್ನಾಗಿ ಬಡಿದು ಹಾಕಿದಳು. ಅವಳಿಗೆ ಸಿಕ್ಕಿದ್ದು ಅಡುಗೆಮನೆಯ ಆಯುಧ. ಅವಳ ಪ್ರತಿಮೆ ನಿಲ್ಲಿಸಿದೆವು, 2021ರಿಂದ ನವೆಂಬರ್ 11ನ್ನು ಅವಳ ಜಯಂತಿ ಎಂದು ಸರ್ಕಾರ ಆಚರಿಸುತ್ತಿದೆ. ಶಾಲೆಯ ವೇಷಭೂಷಣ ಸ್ಪರ್ಧೆಗೆ ಥರ್ಮಕೋಲಿನ ಒನಕೆ ಹಿಡಿದು ಬರುವ ಪುಟಾಣಿಗಳಿಗಂತೂ ಲೆಕ್ಕವಿಲ್ಲ. ಅದೇ ಪುಟಾಣಿ ಹದಿಮೂರು ವರ್ಷವಾಗಿ ಕರಾಟೆಗೆ ಸೇರುತ್ತೇನೆ ಎಂದರೆ, "ಸೊಂಟ ಗಟ್ಟಿಯಾಗುತ್ತೆ, ಆಮೇಲೆ ಹೆರಿಗೆ ಕಷ್ಟ" ಎಂದು ವೈದ್ಯರಿಗೂ ಗೊತ್ತಿಲ್ಲದ ವೈದ್ಯ ಹೇಳುವ ಅಜ್ಜಿಯರು ನಮ್ಮಲ್ಲಿ ಬೀದಿಗೆ ಮೂವರಿದ್ದಾರೆ.

ತಲಕಾಡು ನಮ್ಮ ತಾಲ್ಲೂಕಿನದೇ. ಹೊಸದಾಗಿ ಮದುವೆಯಾದವರು, ಫುಕೆಟ್ಟು ಪಟ್ಟಾಯ ಎಟುಕದವರು, ಒಂದು ದಿನದ ಮಟ್ಟಿಗೆ ಹೋಗುವ ಮರಳ ತೀರ ಅದು. ನಾವೂ ಮದುವೆಯಾದ ಹೊಸತರಲ್ಲಿ ಹೋಗಿದ್ದೆವು. ನಮ್ಮ ಯಜಮಾನರು ಕಾವೇರಿಗೆ ಇಳಿದು ಒಂದು ಗಂಟೆ ಈಜಿದರು. ನಾನು? ಹೌದು, ಮತ್ತೆ ಬಟ್ಟೆ ಕಾದೆ. ಈ ಸಲ ಪಂಚೆಯ ಬದಲು ಪ್ಯಾಂಟು, ಜೊತೆಗೆ ಒಂದು ಕೈಗಡಿಯಾರ, ಅಷ್ಟೇ ವ್ಯತ್ಯಾಸ. ಕಾಯುತ್ತಾ ಕೂತಾಗ ಅಲಮೇಲಮ್ಮನ ನೆನಪಾಗದೆ ಇರುವುದಿಲ್ಲ. ಸುಮಾರು 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈಸೇರಿದಾಗ, ಅಲ್ಲಿ ಆಳುತ್ತಿದ್ದವನ ಹೆಂಡತಿ ಒಡವೆಗಳೊಂದಿಗೆ ತಲಕಾಡಿನ ಕಡೆಗೆ ಬಂದಳು, ಒಡವೆಗಾಗಿ ಸೈನಿಕರು ಬೆನ್ನಟ್ಟಿದರು, ಅವಳು ಶಾಪ ಹಾಕಿ ಮಾಲಂಗಿಯ ಮಡುವಿಗೆ ಹಾರಿದಳು ಎಂಬುದು ಕತೆ. ತಲಕಾಡಿನ ಮರಳಿಗೆ ನದಿ, ಗಾಳಿ, ಅಣೆಕಟ್ಟು ಎಂದು ತಿಳಿದವರು ಬೇರೆ ಕಾರಣ ಕೊಡುತ್ತಾರೆ, ಅವರು ಹೇಳುವುದೇ ಸರಿಯಿರಬೇಕು. ನನ್ನ ತಕರಾರು ಕತೆಯ ಬಗ್ಗೆ. ಬೆನ್ನಟ್ಟಿ ಬಂದವರೆದುರು ಒಬ್ಬ ಹೆಂಗಸಿಗೆ ನಾವು ಕೊಟ್ಟ ಆಯುಧ ಯಾವುದು? ಬಾಯಿ. ದಾರಿ ಯಾವುದು? ಮಡು. ನಾಲ್ಕು ನೂರು ವರ್ಷದಿಂದ ಆ ಶಾಪವನ್ನು ಬಾಯಿತುಂಬ ಹೇಳುತ್ತಾ ಬಂದಿದ್ದೇವೆ. ಅವಳಿಗೆ ಈಜು ಬರುತ್ತಿದ್ದರೆ ಎಂದು ಒಬ್ಬರೂ ಕೇಳಿಲ್ಲ.

ಇಷ್ಟು ಹೇಳಿ, ಥಾಯ್ಲೆಂಡ್ ಎಂದರೆ ಹೆಣ್ಣಿಗೆ ಸ್ವರ್ಗ ಎಂದು ನಾನು ಹಾಡಲು ಹೊರಟಿಲ್ಲ. ಮಗಳೇ ಹೇಳಿದಳು. ಮುವಾಯ್ ಥಾಯ್ ಎಂದರೆ ಮುಷ್ಟಿ, ಮೊಣಕೈ, ಮೊಣಕಾಲು, ಕಣಕಾಲು ಹೀಗೆ ಎಂಟು ಅಂಗಗಳಿಂದ ಹೊಡೆಯುವ ವಿದ್ಯೆ. ಕಾಳಗಕ್ಕೆ ಮುಂಚೆ ಗುರುವಿಗೆ ನಮಸ್ಕರಿಸಿ ಕುಣಿಯುತ್ತಾರೆ, ತಲೆಗೆ ಮಂತ್ರಿಸಿದ ಪಟ್ಟಿ ಕಟ್ಟುತ್ತಾರೆ. ನಮ್ಮ ಗರಡಿಯ ಹಾಗೇ ದೇವರು, ಗುರು, ಮಡಿ ಎಲ್ಲ ಉಂಟು. ಹಾಗಾಗಿ ಮೈಲಿಗೆಯೂ ಉಂಟು! ಬ್ಯಾಂಕಾಕಿನ ಲುಂಪಿನಿ ಎಂಬ ಹೆಸರಾಂತ ಅಖಾಡ 1956ರಲ್ಲಿ ಶುರುವಾದದ್ದು. ಅಲ್ಲಿ ಹೆಂಗಸರು ಕಣವನ್ನು ಮುಟ್ಟುವ ಹಾಗೂ ಇರಲಿಲ್ಲ, ಮುಟ್ಟಿದರೆ ಅದರ ಶಕ್ತಿ ಹೋಗುತ್ತದಂತೆ. ಹೆಂಗಸರು ಅಲ್ಲಿ ಮೊದಲ ಸಲ ಕಾದಾಡಿದ್ದು 2021ರ ನವೆಂಬರಿನಲ್ಲಿ, ಅಂದರೆ 65 ವರ್ಷ ಬೇಕಾಯಿತು. ಬೇರೆ ಕಡೆ ಹೆಂಗಸರು ಕಾದಾಡುತ್ತಿದ್ದರೂ, ಗಂಡಸರು ಹಗ್ಗದ ಮೇಲಿನಿಂದ ಹಾರಿ ಕಣಕ್ಕಿಳಿದರೆ ಹೆಂಗಸರು ತೀರ ಕೆಳಗಿನ ಹಗ್ಗದಡಿ ತೆವಳಿಕೊಂಡು ಹೋಗಬೇಕೆಂಬ ಕಟ್ಟಳೆ ಇತ್ತು, ಹಲವು ಕಡೆ ಈಗಲೂ ಇದೆ. ಮಗಳು ಇದನ್ನು ಹೇಳಿದಾಗ ನನಗೆ ನಗು ಬಂತು. ಸಮುದ್ರ ದಾಟಿ ನಾಲ್ಕು ಗಂಟೆ ಹಾರಿಹೋದರೂ ನಮ್ಮ ಉಸ್ತಾದರು ಅಲ್ಲೇ ಕೂತಿದ್ದಾರಲ್ಲ!

ಆದರೆ ಅವರು ಒಂದು ಕೆಲಸ ಮಾಡಿದರು. ಹೊರಗಿನಿಂದ ಹೆಂಗಸರು ದುಡ್ಡು ಹಿಡಿದು ಬಂದರು, ಬಾಗಿಲು ತೆರೆದರು. ಫುಕೆಟ್ಟಿನ ಚಾಲೊಂಗ್ ಎಂಬಲ್ಲಿ ಒಂದು ಬೀದಿಯ ತುಂಬ ಇಂಥ ತರಬೇತಿ ಶಿಬಿರಗಳೇ ಅಂತೆ. 2024ರಲ್ಲಿ ಅಲ್ಲಿನ ಸರ್ಕಾರ ತಂದ ಹೊಸ ಬಗೆಯ ವೀಸಾಕ್ಕೆ ಈ ವಿದ್ಯೆ ಕಲಿಯಲು ಬರುವುದೂ ಒಂದು ಕಾರಣವಾಗಿ ಸಾಕು. ಮಡಿಯನ್ನು ಮುರಿದದ್ದು ದುಡ್ಡು, ನ್ಯಾಯವಲ್ಲ. ಇದು ನನಗೆ ಹಿತವಾದ ಸಂಗತಿಯೇನೂ ಅಲ್ಲ. ಬೆಂಗಳೂರಿನಲ್ಲಿ ಇಬ್ಬರೂ ದುಡಿಯುವ ನನ್ನ ಮಗಳು ಅಳಿಯನಿಗೆ ಆ ಬಾಗಿಲು ತೆರೆಯಿತು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯಿಂದ ಕತ್ತಲಾದ ಮೇಲೆ ಬಸ್ಸಿಳಿದು ಹಳ್ಳಿಗೆ ನಡೆಯುವ ಹುಡುಗಿಗೆ ಯಾರು ತೆರೆಯುತ್ತಾರೆ? ಮಗಳಿಗೂ ಇದನ್ನೇ ಹೇಳಿದೆ. "ಹಿತ್ತಲ ಗಿಡ ಮದ್ದಲ್ಲ ಅಂತ ಅಷ್ಟು ದೂರ ಹೋದೆಯಲ್ಲೇ" ಎಂದೆ. ಅವಳು ತಟ್ಟನೆ, "ಹಿತ್ತಲಿಗೆ ಬೀಗ ಹಾಕಿದ್ದು ನೀವೇ ಕಣಮ್ಮ" ಎಂದಳು. ಉತ್ತರ ನನ್ನಲ್ಲಿರಲಿಲ್ಲ.

ಗಂಡ ಹೆಂಡಿರು ಕೂಡಿ ಕಾಳಗದ ವಿದ್ಯೆ ಕಲಿಯುವುದು ಪರದೇಶದ ಹುಚ್ಚು ಎನ್ನುವವರು ಗುಂಡ್ಲುಪೇಟೆ ದಾಟಿ, ವಯನಾಡು ಇಳಿದು ವಡಕರ ಎಂಬ ಊರಿನ ಕಡೆ ನೋಡಬೇಕು. ಅಲ್ಲಿನ ಮೀನಾಕ್ಷಿ ಅಮ್ಮ ಏಳನೆಯ ವಯಸ್ಸಿಗೆ ಕಳರಿಗೆ ಕಾಲಿಟ್ಟವರು. ಮೈನೆರೆದ ಮೇಲೆ ಹುಡುಗಿಯರು ಬಿಡುವುದು ವಾಡಿಕೆ, ಅವರು ಬಿಡಲಿಲ್ಲ. ಕಲಿಸಿದ ಗುರುವನ್ನೇ ಮದುವೆಯಾದರು, ಗಂಡನ ನಂತರ ಕಳರಿಯನ್ನು ತಾವೇ ನಡೆಸಿದರು. 2017ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು, ಸೀರೆ ಎತ್ತಿಕಟ್ಟಿ ಕತ್ತಿ ಬೀಸುವ ಅವರ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ನಾವು ಮೆಚ್ಚಿ, ಮಡಿಸಿ, ಅದರ ಮೇಲೆ ತರಕಾರಿ ಹೆಚ್ಚಿದೆವು.

ನನ್ನ ವಾದಕ್ಕೆ ಒಂದು ಗಟ್ಟಿಯಾದ ಪ್ರಶ್ನೆ ಇದೆ, ಅದನ್ನು ಮುಚ್ಚಿಡಲಾರೆ. ನಮ್ಮ ಯಜಮಾನರೇ ಕೇಳಿದರು. "2023ರಲ್ಲಿ ದೆಹಲಿಯ ಜಂತರ್ ಮಂತರಿನಲ್ಲಿ ಕೂತಿದ್ದವರು ಯಾರು? ಒಲಿಂಪಿಕ್ಸಿನಲ್ಲಿ ಪದಕ ಗೆದ್ದ ಸಾಕ್ಷಿ ಮಲಿಕ್, ವಿನೇಶ್ ಫೋಗಾಟ್‌ರಂಥ ಕುಸ್ತಿಪಟುಗಳು. ಅವರೇ ಲೈಂಗಿಕ ಕಿರುಕುಳವಾಯಿತು ಅಂತ ಬೀದಿಯಲ್ಲಿ ಕೂರಬೇಕಾಯ್ತಲ್ಲ, ಅವರ ಪಟ್ಟು ಎಲ್ಲಿ ಹೋಯ್ತು?" ನಾನು ಎರಡು ದಿನ ಸುಮ್ಮನಿದ್ದೆ. ಮಾತು ನಿಜ. ಅಧಿಕಾರದ ಕುರ್ಚಿಯಲ್ಲಿ ಕೂತವನಿಗೆ ಧೋಬಿ ಪಛಾಡ್ ಹಾಕಲು ಬರುವುದಿಲ್ಲ. ಅಲ್ಲಿ ಬೇಕಾದದ್ದು ಕಾನೂನು, ಪೊಲೀಸು, ಜೊತೆಗೆ ನಿಲ್ಲುವ ಜನ. ಸಾಕ್ಷಿ ಆ ವರ್ಷದ ಡಿಸೆಂಬರಿನಲ್ಲಿ ಕುಸ್ತಿಯನ್ನೇ ಬಿಟ್ಟುಬಿಟ್ಟಳು. ಒದೆಯಲು ಕಲಿತರೆ ಹೆಣ್ಣಿನ ಕಷ್ಟ ತೀರಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಪ್ಪು ಮಾಡುವವನನ್ನು ಬಿಟ್ಟು, ನೀನೇಕೆ ಕಲಿತಿರಲಿಲ್ಲ ಎಂದು ಹುಡುಗಿಯನ್ನೇ ಕೇಳುವ ಕಾಲ ಬಂದರೂ ಬಂದೀತು.

ಆದರೆ ಮೂರನೆಯ ದಿನ ನನಗೆ ಅನ್ನಿಸಿದ್ದನ್ನು ಹೇಳಿದೆ. ಒಂದು ತಿಂಗಳಿಗೂ ಹೆಚ್ಚು ಬಿಸಿಲು ಮಳೆಯಲ್ಲಿ ಬೀದಿಯಲ್ಲಿ ಕೂತು, ಇಡೀ ದೇಶ ನೋಡುತ್ತಿರುವಾಗ ನಮಗೆ ಹೀಗಾಗಿದೆ ಎಂದು ಬಾಯಿ ಬಿಟ್ಟು ಹೇಳುವ ಎದೆ ಅವರಿಗೆ ಎಲ್ಲಿಂದ ಬಂತು? ಬಿದ್ದು ಏಳುವುದು ದಿನದ ಅಭ್ಯಾಸವಾದವರು ಅವರು. ನಮಗೆ ಬೀಳುವುದೆಂದರೇ ಮರ್ಯಾದೆ ಹೋಗುವುದು. ನಾನು ಕೇಳುತ್ತಿರುವುದು ಒದೆಯನ್ನಲ್ಲ, ಈ ಅಭ್ಯಾಸವನ್ನು. ನನ್ನ ಮೈ ನನ್ನ ಮಾತು ಕೇಳುತ್ತದೆ ಎಂಬ ಒಂದು ತಿಳಿವಳಿಕೆ, ಅಷ್ಟೇ. ನನಗೆ ಅರವತ್ತು ಸಮೀಪಿಸಿತು. ಈ ಮೈಯಿಂದ ಮಕ್ಕಳನ್ನು ಹೆತ್ತೆ, ಕೊಡ ಹೊತ್ತೆ, ರುಬ್ಬಿದೆ. ಅದು ನನ್ನ ಮಾತು ಕೇಳುತ್ತದೆಯೇ ಎಂದು ಒಂದು ದಿನವೂ ನೋಡಿದವಳಲ್ಲ.

ಯಜಮಾನರು ಪೇಪರು ಮಡಿಸಿಟ್ಟು, "ಸರಿ, ನೀನು ಹೇಳೋದೂ ಒಂದು ಮಾತು" ಎಂದರು. ಅಷ್ಟು ಸಾಕು, ಅವರ ಮಟ್ಟಿಗೆ ಅದು ದೊಡ್ಡ ಸೋಲು.

ಬದಲಿಗೆ ನಮಗೆ ಕೊಡುವ ರಕ್ಷಣೆ ಯಾವುದು ನೋಡಿ. 2021ರ ಆಗಸ್ಟಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಅತ್ಯಾಚಾರವಾಯಿತು. ನಾಡೇ ತಲ್ಲಣಿಸಿತು. ಅದರ ಬೆನ್ನಿಗೆ ಮೈಸೂರು ವಿಶ್ವವಿದ್ಯಾನಿಲಯದಿಂದ ಒಂದು ಸುತ್ತೋಲೆ ಬಂತು. ಸಂಜೆ 6.30ರ ಮೇಲೆ ಹೆಣ್ಣುಮಕ್ಕಳು ಮಾನಸಗಂಗೋತ್ರಿಯಲ್ಲಿ ಒಂಟಿಯಾಗಿ ಓಡಾಡಬಾರದು, ಕುಕ್ಕರಹಳ್ಳಿ ಕೆರೆಯ ಕಡೆ ಹೋಗಬಾರದು. ಟೀಕೆ ಬಂದ ಮೇಲೆ ಹಿಂದಕ್ಕೆ ಪಡೆದರು ಎನ್ನಿ. ಆದರೆ ಮೊದಲು ಹೊಳೆದದ್ದು ಅದೇ. ಹುಲಿ ಊರೊಳಗೆ ಬಂದರೆ ಹಸುವನ್ನು ಕಟ್ಟಿಹಾಕುವ ಬುದ್ಧಿ. ನಮ್ಮ ಮನೆಗಳಲ್ಲೂ ಹೊಳೆಯುವುದು ಅದೇ ಅಲ್ಲವೇ? ಸಂಜೆ ಟ್ಯೂಷನ್ ಬಿಡಿಸಿದೆವು, ಕಾಲೇಜು ಬದಲಾಯಿಸಿದೆವು, ಬೇಗ ಮದುವೆ ಮಾಡಿದೆವು. ಮನೆಯೊಳಗೆ ಕೂರಿಸಿದರೆ ಕ್ಷೇಮ.

ಮನೆಯೊಳಗೆ ಕ್ಷೇಮವೇ? ಕೇಂದ್ರ ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ರಾಜ್ಯದಲ್ಲಿ 2019–20ರಲ್ಲಿ ನಡೆಯಿತು. 18ರಿಂದ 49 ವಯಸ್ಸಿನೊಳಗಿನ, ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ದೇಶದ ರಾಜ್ಯಗಳಲ್ಲೆಲ್ಲ ಅದೇ ಹೆಚ್ಚು. ಅದಕ್ಕೆ ಹಿಂದಿನ ಸುತ್ತಿನಲ್ಲಿ ಇದು ಶೇ. 20ರ ಆಸುಪಾಸು ಇತ್ತು. ಹಿಂಸೆ ಹೆಚ್ಚಾಯಿತೋ, ಹೇಳುವ ಧೈರ್ಯ ಹೆಚ್ಚಾಯಿತೋ, ಎರಡೂ ಇರಬಹುದು. ಈ ಲೆಕ್ಕವನ್ನು ನಮ್ಮ ಮನೆಯ ಚಾಪೆಯ ಮೇಲೆ ಕೂತಿದ್ದ ಎಂಟು ಜನಕ್ಕೆ ಹಚ್ಚಿದರೆ ಮೂವರೋ ನಾಲ್ವರೋ ಆಗುತ್ತಾರೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕಟ್ಟಿದವನು ಉಂಡು ಮಲಗಿದವನೇ ಇರಬೇಕು, ಪಾತ್ರೆ ತೊಳೆದವಳಂತೂ ಅಲ್ಲ. ಗಂಡ ಹೆಂಡತಿಯ ಮೇಲೆ ಕೈ ಎತ್ತುವ ವಿಡಿಯೋ ಆಗಿದ್ದರೆ ನಾವು ಅವತ್ತು ನಗುತ್ತಿರಲಿಲ್ಲ. ಆದರೆ ಆಶ್ಚರ್ಯವನ್ನೂ ಪಡುತ್ತಿರಲಿಲ್ಲ, ಅದು ಹೊಸದಲ್ಲ. ಹೆಂಡತಿ ಕಾಲೆತ್ತುತ್ತಾಳೆ, ಗಂಡ ನಗುನಗುತ್ತಾ ದಿಂಬು ಹಿಡಿದು ಆ ಏಟನ್ನು ತಡೆದುಕೊಳ್ಳುತ್ತಾನೆ, ಆಮೇಲೆ ಪಾಳಿ ಬದಲಾಯಿಸಿ ಅವಳು ಹಿಡಿಯುತ್ತಾಳೆ, ಇಬ್ಬರೂ ಬೆವರು ಒರೆಸಿಕೊಂಡು ಎಳನೀರು ಕುಡಿಯುತ್ತಾರೆ. ಇದು ನಾವು ಕಂಡಿದ್ದಲ್ಲ. ಕಾಣದ್ದನ್ನು ಕಂಡಾಗ ಹೆದರಿಕೆಯಾಗುತ್ತದೆ, ಹೆದರಿಕೆ ನಗುವಾಗುತ್ತದೆ.

ಹಾಗೆಂದು ಏನೂ ಆಗಿಲ್ಲ ಎನ್ನುವುದೂ ತಪ್ಪು. ವಸತಿ ಶಾಲೆ, ಹಾಸ್ಟೆಲುಗಳ ಹುಡುಗಿಯರಿಗೆ ಓಬವ್ವನ ಹೆಸರಿನಲ್ಲೇ ಆತ್ಮರಕ್ಷಣೆಯ ತರಬೇತಿ ಕೊಡುವ ಯೋಜನೆಯನ್ನು ನಮ್ಮ ರಾಜ್ಯ ಸರ್ಕಾರ ತಂದಿದೆ. ದಸರಾ ಕುಸ್ತಿಯಲ್ಲಿ ಈಗ ಹೆಣ್ಣುಮಕ್ಕಳ ಜೋಡಿಗಳೂ ಕಣಕ್ಕಿಳಿಯುತ್ತವೆ, ಗೆದ್ದವಳಿಗೆ ದಸರಾ ಕಿಶೋರಿ ಪ್ರಶಸ್ತಿ. ಹಳಿಯಾಳ, ಗದಗ, ಬೆಳಗಾವಿ ಕಡೆಯಿಂದ ಬಂದ ಹುಡುಗಿಯರು ಮಣ್ಣು ಹತ್ತಿದ ಮುಖದಲ್ಲಿ ನಗುತ್ತಾ ನಿಲ್ಲುವುದನ್ನು ನೋಡಿದರೆ ಎದೆ ಉಬ್ಬುತ್ತದೆ. ಆದರೆ ಗರಡಿಗಳ ಊರು ಎಂದು ಹೆಸರಾದ ನಮ್ಮ ಮೈಸೂರು ಸೀಮೆಯ ಹುಡುಗಿಯರು ಎಲ್ಲಿ? ಗ್ಯಾಲರಿಯಲ್ಲಿ, ಅದೂ ಅಪ್ಪ ಕರೆತಂದಿದ್ದರೆ. ಇನ್ನು ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಮೂರು ದಿನ ಶಿಬಿರ ಮಾಡಿ, ಕೊನೆಗೆ ಹಾರ ತುರಾಯಿ ಹಾಕಿ ಫೋಟೋ ತೆಗೆಸಿಕೊಳ್ಳುವವರ ಬಗ್ಗೆ ಹೇಳದಿರುವುದೇ ಮೇಲು. ಮೂರು ದಿನದಲ್ಲಿ ರಾಗಿಮುದ್ದೆ ತಿರುವುವುದೂ ಬರುವುದಿಲ್ಲ.

ಸಿಟ್ಟನ್ನು ಕಾಗದದ ಮೇಲೆ ಮಾತ್ರ ಇಟ್ಟರೆ ಅದಕ್ಕೆ ಇರುವೆ ಹತ್ತುತ್ತದೆ. ದಸರೆ ಕಳೆದ ಮೇಲೆ ನಾನು ನಮ್ಮೂರಿನ ಒಂದು ಗರಡಿಯ ಹಿರಿಯರ ಮನೆಗೆ ಹೋದೆ. ಜೊತೆಗೆ ಇಬ್ಬರು ಹೈಸ್ಕೂಲು ಮೇಡಂಗಳು. ವಾರಕ್ಕೆ ಮೂರು ಬೆಳಿಗ್ಗೆ, ಒಂದೊಂದು ಗಂಟೆ, ಹೆಣ್ಣುಮಕ್ಕಳಿಗೆ ಬಿಟ್ಟುಕೊಡಿ, ಬಾಡಿಗೆ ಕೊಡುತ್ತೇವೆ, ಕಲಿಸಲು ಮೈಸೂರಿನಿಂದ ಒಬ್ಬ ಹೆಣ್ಣುಮಗಳನ್ನೇ ಕರೆಸುತ್ತೇವೆ ಎಂದು ಕೇಳಿದೆವು. ಹಿರಿಯರು ಮರ್ಯಾದೆಯಿಂದ ಕೂರಿಸಿದರು, ಕಾಫಿ ಕೊಟ್ಟರು. "ತಾಯಿ, ನನಗೇನೂ ಇಲ್ಲ. ನನ್ನ ಮೊಮ್ಮಗಳೂ ಕೇಳ್ತಾಳೆ. ಆದ್ರೆ ಮಣ್ಣಿನ ವಿಚಾರ, ಎಲ್ಲರನ್ನೂ ಕೇಳಬೇಕು" ಎಂದರು. ಮಣ್ಣು ಬೇಡದಿದ್ದರೆ ಹೊರಗಿನ ಜಗಲಿಯಲ್ಲಿ ಚಾಪೆ ಹಾಸಿಕೊಳ್ಳುತ್ತೇವೆ ಎಂದೆ. ಅದಕ್ಕೆ ಅವರು ಬಹಳ ಹೊತ್ತು ಗೋಡೆಯ ಮೇಲಿದ್ದ ತಮ್ಮ ಗುರುವಿನ ಫೋಟೋ ನೋಡಿದರು. ಆಮೇಲೆ, "ಜಗಲಿ ಆದ್ರೆ ನೋಡೋಣ" ಎಂದರು.

ನಾಲ್ಕು ತಿಂಗಳಾಯಿತು, ಇನ್ನೂ ನೋಡುತ್ತಿದ್ದಾರೆ. ನಾನೂ ಹದಿನೈದು ದಿನಕ್ಕೊಮ್ಮೆ ಹೋಗಿ ಕಾಫಿ ಕುಡಿದು ಬರುತ್ತಿದ್ದೇನೆ. ಬರುವ ಸೋಮವಾರ ಮತ್ತೆ ಹೋಗಬೇಕು. ಮಗಳು ಆ ದಿಂಬುಗಳ ಒಂದು ಜೊತೆಯನ್ನು ಬೆಂಗಳೂರಿನಿಂದ ಕಳಿಸಿದ್ದಾಳೆ, ಅಟ್ಟದ ಮೇಲೆ ಇಟ್ಟಿದ್ದೇನೆ.

ಅವತ್ತು ಮೂರು ಸಲ ವಿಡಿಯೋ ನೋಡಿದಾಕೆ ಮೊನ್ನೆ ಕಪಿಲೆಯ ಸ್ನಾನಘಟ್ಟದಲ್ಲಿ ಸಿಕ್ಕಿದ್ದರು. ದೇವಸ್ಥಾನದ ವಿಷಯ, ಮಗನ ಪರೀಕ್ಷೆಯ ವಿಷಯ ಮಾತಾಡಿ ಹೊರಟವರು ನಾಲ್ಕು ಮೆಟ್ಟಿಲು ಹತ್ತಿ ತಿರುಗಿ ನಿಂತು, ಸುತ್ತ ಯಾರಿದ್ದಾರೆ ಎಂದು ನೋಡಿ ಹೇಳಿದರು:

"ಆ ಗರಡಿ ವಿಷಯ ಏನಾಯ್ತ್ರೀ? ಬೆಳಿಗ್ಗೆ ಐದೂವರೆಗೆ ಅಂತ ಮಾತ್ರ ಇಡಿಸಬೇಡಿ. ಅವರು ಡ್ಯೂಟಿಗೆ ಹೋಗೋದು ಆರೂಕಾಲಿಗೆ. ಆರೂವರೆ ಆದ್ರೆ ನಾನು ಬರ್ತೀನಿ."